ಹಿಂಡಿಗೆಲ್ಲ ಒಂದೇ ದಿನ ಜಂತಿನ ಔಷಧ ಬೇಡ

ಮಾನ್ಯ ಸಂಪಾದಕರೆ,

ಮಿರಗ ಮಳೆ ಹನಿಯುವ ಹೊತ್ತಿಗೆ ಗದಗ, ಹಾವೇರಿ, ಧಾರವಾಡ ಜಿಲ್ಲೆಗಳ ಹಟ್ಟಿಗಳಲ್ಲಿ ಜಂತಿನ ಔಷಧದ ಡಬ್ಬಿ ತೆರೆಯುತ್ತದೆ. ಹಿಂಡನ್ನು ಕೂಡಿಹಾಕಿ, ಒಂದು ಕುರಿಯನ್ನೂ ಬಿಡದೆ, ಒಂದೇ ದಿನದಲ್ಲಿ ಎಲ್ಲಕ್ಕೂ ಕುಡಿಸಿ ಮುಗಿಸುವುದು ರೂಢಿ. 'ಒಂದೂ ಬಿಡಬೇಡಿ' ಎಂಬುದೇ ಬಹುಕಾಲದಿಂದ ಹೇಳಿಕೊಂಡು ಬಂದ ಬುದ್ಧಿಮಾತು. ಔಷಧ ಹೊಸದಾಗಿದ್ದ ಕಾಲಕ್ಕೆ ಅದು ಸರಿಹೋಯಿತು. ಇಂದು ಅದೇ ಮಾತು ಔಷಧವನ್ನು ಕೆಲಸಕ್ಕೆ ಬಾರದಂತೆ ಮಾಡುತ್ತಿದೆ. ಹೇಗೆ ಎಂಬುದು ಒಂದು ಲೆಕ್ಕದ ವಿಷಯ. ಪರೋಪಜೀವಿ ಮತ್ತು ಅದರ ಆಸರೆ ಪ್ರಾಣಿಗಳ ಸಂಖ್ಯೆ ಏರಿಳಿಯುವ ಬಗೆಯನ್ನು ಗಣಿತದಲ್ಲಿ ಹಿಡಿಯುವ ಮಾದರಿಗಳು ಐವತ್ತು ವರ್ಷಗಳಿಂದ ಇವೆ. ಅವು ಕಾಲೇಜಿನ ಹಲಗೆಯ ಮೇಲೇ ಉಳಿದಿವೆ, ಹಟ್ಟಿಗೆ ಬಂದಿಲ್ಲ. ಅದಕ್ಕಾಗಿ ಈ ಪತ್ರ.

ನಮ್ಮ ಕಡೆಯ ಕುರಿ, ಆಡುಗಳಿಗೆ ಮಳೆಗಾಲದಲ್ಲಿ ಹೆಚ್ಚು ಕಾಟ ಕೊಡುವ ಜಂತು ಹೀಮಾಂಕಸ್. ನಾಲ್ಕನೆಯ ಹೊಟ್ಟೆಯ ಒಳಪದರಕ್ಕೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಸತ್ತ ಕುರಿಯ ಆ ಹೊಟ್ಟೆ ಸೀಳಿದರೆ ಕೆಂಪು-ಬಿಳಿ ನೂಲು ಹುರಿಗೊಳಿಸಿದಂಥ, ಎರಡು-ಮೂರು ಸೆಂಟಿಮೀಟರ್ ಉದ್ದದ ಹುಳುಗಳು ಕಣ್ಣಿಗೇ ಕಾಣುತ್ತವೆ. ಕೆಂಪು ಬಣ್ಣ ಕುಡಿದ ರಕ್ತದ್ದು, ಬಿಳಿ ಎಳೆ ಹೆಣ್ಣು ಹುಳುವಿನ ಅಂಡಾಶಯ. ಒಂದು ಹುಳು ದಿನಕ್ಕೆ ಸುಮಾರು 0.05 ಮಿಲಿಲೀಟರ್ ರಕ್ತ ಹೀರುತ್ತದೆ. ಸಾವಿರ ಹುಳು ಇದ್ದರೆ ದಿನಕ್ಕೆ 50 ಮಿಲಿ, ವಾರಕ್ಕೆ 350 ಮಿಲಿ. ಮೂವತ್ತು ಕೆಜಿ ಕುರಿಯ ಮೈಯಲ್ಲಿ ಇರುವುದೇ ಎರಡು ಲೀಟರ್ ಆಸುಪಾಸು ರಕ್ತ. ಈ ಹುಳು ಬಿದ್ದ ಕುರಿಗೆ ಸಾಮಾನ್ಯವಾಗಿ ಭೇದಿ ಆಗುವುದಿಲ್ಲ, ಹಿಕ್ಕೆ ಗಟ್ಟಿಯಾಗಿಯೇ ಬೀಳುತ್ತದೆ. ಉಚ್ಚಿಕೊಂಡರೆ ಮಾತ್ರ ಜಂತು ಎಂದು ಕಾಯುವವರು ಮೋಸಹೋಗುವುದು ಇಲ್ಲಿಯೇ. ಗದ್ದದ ಕೆಳಗೆ ನೀರು ತುಂಬಿ ಬಾತುಕೊಳ್ಳುವ ಹೊತ್ತಿಗೆ ತಡವಾಗಿರುತ್ತದೆ.

ಹೆಣ್ಣು ಹುಳು ದಿನಕ್ಕೆ 5,000ದಿಂದ 10,000 ಮೊಟ್ಟೆ ಇಡುತ್ತದೆ. ಮೊಟ್ಟೆ ಹಿಕ್ಕೆಯೊಂದಿಗೆ ನೆಲಕ್ಕೆ ಬಿದ್ದು, ತೇವ ಮತ್ತು ಬಿಸುಪು ಸಿಕ್ಕರೆ ನಾಲ್ಕರಿಂದ ಏಳು ದಿನಗಳಲ್ಲಿ ಸೋಂಕು ತಗಲಿಸಬಲ್ಲ ಮರಿಹುಳುವಾಗಿ ಹುಲ್ಲು ಹತ್ತುತ್ತದೆ. ಕುರಿ ಅದನ್ನು ಮೇಯ್ದ ಮೇಲೆ ಮೂರು ವಾರಕ್ಕೆ ಬೆಳೆದು ತಾನೂ ಮೊಟ್ಟೆ ಇಡತೊಡಗುತ್ತದೆ. ನೆಲದಲ್ಲಿ ಒಂದು ವಾರ, ಹೊಟ್ಟೆಯಲ್ಲಿ ಮೂರು ವಾರ, ಒಟ್ಟು 28 ದಿನ. ನಮ್ಮ ಮಳೆ ನಕ್ಷತ್ರ ಒಂದೊಂದು ಹದಿಮೂರು-ಹದಿನಾಲ್ಕು ದಿನ. ಅಂದರೆ ಹುಳುವಿನ ಒಂದು ತಲೆಮಾರು ಎರಡು ಮಳೆಗೆ ಸಮ. ಮಿರಗದಿಂದ ಚಿತ್ತಿಯವರೆಗೆ ಹತ್ತು ಮಳೆ, ಐದು ತಲೆಮಾರು. ಇದು ಅತಿ ಬೇಗ ಸುತ್ತುವ ಹುಳುವಿನ ಲೆಕ್ಕ. ಎಲ್ಲ ಹುಳುಗಳೂ ಇಷ್ಟು ಚುರುಕಲ್ಲ, ಆದರೂ ಮಳೆಗಾಲದ ಏರಿಕೆ ತಿಳಿಯಲು ಈ ಅಳತೆ ಸಾಕು.

ಕೋವಿಡ್ ಕಾಲದಲ್ಲಿ ಪತ್ರಿಕೆಗಳಲ್ಲಿ 'ಆರ್' ಎಂಬ ಸಂಖ್ಯೆ ದಿನವೂ ಬರುತ್ತಿತ್ತು. ಒಬ್ಬ ರೋಗಿಯಿಂದ ಎಷ್ಟು ಜನರಿಗೆ ಹರಡುತ್ತದೆ ಎಂಬುದು ಅದು. ಜಂತುವಿನ ವಿಷಯದಲ್ಲಿ ಅದರ ಅರ್ಥ ಬೇರೆ: ಒಂದು ಹೆಣ್ಣು ಹುಳು ತನ್ನ ಇಡೀ ಆಯುಷ್ಯದಲ್ಲಿ ಹುಟ್ಟಿಸಿದ ಮೊಟ್ಟೆಗಳಲ್ಲಿ ಎಷ್ಟು ಮತ್ತೆ ಮೊಟ್ಟೆ ಇಡುವ ಹೆಣ್ಣು ಹುಳುಗಳಾಗುತ್ತವೆ? ದಿನಕ್ಕೆ 5,000ದಂತೆ ಅರವತ್ತು ದಿನ ಇಟ್ಟರೆ ಮೂರು ಲಕ್ಷ ಮೊಟ್ಟೆ, ಅರ್ಧ ಹೆಣ್ಣು ಎಂದರೆ ಒಂದೂವರೆ ಲಕ್ಷ. ಅವುಗಳಲ್ಲಿ ಒಂದೇ ಒಂದು ದಡ ಸೇರಿದರೆ ಆರ್ ಒಂದು, ಹುಳುವಿನ ಸಂಖ್ಯೆ ಇದ್ದಲ್ಲೇ ನಿಲ್ಲುತ್ತದೆ. ಐವತ್ತು ಸಾವಿರಕ್ಕೆ ಒಂದು ಉಳಿದರೂ ಆರ್ ಮೂರಾಗುತ್ತದೆ. ಮೂರನ್ನು ಐದು ತಲೆಮಾರು ಗುಣಿಸುತ್ತ ಹೋದರೆ 243. ಮಿರಗಕ್ಕೆ ಹೊಟ್ಟೆಯಲ್ಲಿ ಹತ್ತು ಹುಳು ಇದ್ದ ಕುರಿಗೆ ಚಿತ್ತಿಯ ಹೊತ್ತಿಗೆ ಎರಡು ಸಾವಿರದ ಮೇಲೆ. ಕುರಿಯ ಮೈಶಕ್ತಿ ಅಡ್ಡ ಬಂದು ಇದನ್ನು ತಗ್ಗಿಸುತ್ತದೆ, ಆದರೆ ಮರಿಗಳಿಗೆ ಆ ಶಕ್ತಿ ಇನ್ನೂ ಬಂದಿರುವುದಿಲ್ಲ, ಈದ ಕುರಿಗಳಿಗೆ ಅದು ಕೆಲವು ವಾರ ಕುಂದಿರುತ್ತದೆ. ಅದೇ ಬೇಸಿಗೆಯಲ್ಲಿ, ರೋಣ-ನರಗುಂದದ ಎರೆ ನೆಲ ಬಿರುಕು ಬಿಟ್ಟಿರುವಾಗ, ಮೊಟ್ಟೆ ಹಿಕ್ಕೆಯಲ್ಲೇ ಒಣಗುತ್ತದೆ, ಆರ್ ಒಂದಕ್ಕಿಂತ ಕೆಳಗಿಳಿಯುತ್ತದೆ.

ಮಾದರಿ ಇನ್ನೊಂದು ವಿಷಯವನ್ನೂ ಹೇಳುತ್ತದೆ. ಊರೂರು ಅಲೆಯುವ ಹಿಂಡು ಒಂದು ಹೊಲದಲ್ಲಿ ಒಂದೆರಡು ರಾತ್ರಿ ನಿಂತು ಮುಂದಕ್ಕೆ ಹೋಗುತ್ತದೆ. ಮರಿಹುಳು ಹುಲ್ಲು ಹತ್ತಲು ಕನಿಷ್ಠ ನಾಲ್ಕು ದಿನ ಬೇಕು, ಅಷ್ಟರಲ್ಲಿ ಹಿಂಡು ಅಲ್ಲಿರುವುದಿಲ್ಲ. ತನ್ನ ಹುಳುವನ್ನು ತಾನೇ ಮತ್ತೆ ಮೇಯುವ ಸುತ್ತು ಕಡಿದುಹೋಗುತ್ತದೆ. ಅಲೆಮಾರಿ ಕುರಿಗಾಹಿಗಳ ಕ್ರಮಕ್ಕೆ ಗಣಿತದ ಬೆಂಬಲ ಇದೆ ಎಂದು ನಾವು ಧೈರ್ಯವಾಗಿ ಹೇಳುತ್ತೇವೆ. ಒಂದೇ ಒಂದು ಅಪಾಯವೆಂದರೆ ವಾರ-ಹತ್ತು ದಿನ ಬಿಟ್ಟು ಅದೇ ಜಾಡಿನಲ್ಲಿ ಬರುವ ಎರಡನೆಯ ಹಿಂಡು, ಮೊದಲನೆಯದರ ಹುಳುವನ್ನು ಅದು ಮೇಯುತ್ತದೆ. ಊರ ಗೋಮಾಳದಲ್ಲೇ ವರ್ಷವಿಡೀ ಸುತ್ತುವ ಹಿಂಡಿನ ಲೆಕ್ಕ ಬೇರೆ. ಇಬ್ಬರಿಗೂ ಒಂದೇ ವೇಳಾಪಟ್ಟಿ ಕೊಡುವುದು ಸರಿಯಲ್ಲ.

ಈಗ ಮುಖ್ಯ ಮಾತಿಗೆ ಬರೋಣ. ಕೋವಿಡ್‌ನಂಥ ರೋಗದಲ್ಲಿ ಸೋಂಕು ಇದೆಯೋ ಇಲ್ಲವೋ ಎಂದು ಎಣಿಸಿದರೆ ಸಾಕು. ಜಂತುವಿನಲ್ಲಿ ಒಂದು ಕುರಿಯಲ್ಲಿ ಎಷ್ಟು ಎಂಬುದೇ ಎಲ್ಲ. ಆ 'ಎಷ್ಟು' ಎಲ್ಲ ಕುರಿಗಳಿಗೂ ಸಮನಾಗಿ ಹಂಚಿಹೋಗುವುದಿಲ್ಲ. 1971ರಲ್ಲಿ ಕ್ರಾಫ್ಟನ್ ಎಂಬ ವಿಜ್ಞಾನಿ ಇದನ್ನೇ ಪರೋಪಜೀವಿತನದ ಗುರುತು ಎಂದು ಹಿಡಿದರು: ಹೆಚ್ಚಿನ ಆಸರೆ ಪ್ರಾಣಿಗಳಲ್ಲಿ ಹುಳು ಕಡಿಮೆ, ಕೆಲವೇ ಪ್ರಾಣಿಗಳಲ್ಲಿ ವಿಪರೀತ. ನೆಗೆಟಿವ್ ಬೈನಾಮಿಯಲ್ ಹಂಚಿಕೆ ಎಂಬ ಗಣಿತ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಅದರಲ್ಲಿ 'ಕೆ' ಎಂಬ ಒಂದು ಸಂಖ್ಯೆ ಇದೆ. ಕೆ ಚಿಕ್ಕದಾದಷ್ಟೂ ಹುಳುಗಳ ಗುಂಪುಗಾರಿಕೆ ಹೆಚ್ಚು.

ತಿಳಿಯಲೆಂದು ಹತ್ತು ಕುರಿಗಳ ಒಂದು ಕಲ್ಪಿತ ಹಿಂಡನ್ನು ತೆಗೆದುಕೊಳ್ಳಿ. ಸೂಕ್ಷ್ಮದರ್ಶಕದ ಕೆಳಗೆ ಪ್ರತಿ ಕುರಿಯ ಹಿಕ್ಕೆಯಲ್ಲಿ ಎಣಿಸಿದ ಮೊಟ್ಟೆ (ಹುಳುವಿನ ಹೊರೆಯ ಅಳತೆಯೆಂದು ಇದನ್ನೇ ಹಿಡಿಯೋಣ): 0, 1, 1, 2, 3, 4, 6, 9, 38, 66. ಒಟ್ಟು 130, ಸರಾಸರಿ 13. ಕೊನೆಯ ಎರಡೇ ಕುರಿಗಳಲ್ಲಿ 104, ಅಂದರೆ ನೂರಕ್ಕೆ 80 ಪಾಲು. ಸರಾಸರಿಯಾದ 13ರ ಹತ್ತಿರ ಇರುವ ಕುರಿ ಒಂದೂ ಇಲ್ಲ ಎಂಬುದನ್ನು ಗಮನಿಸಿ. ಕೆ ಕಂಡುಹಿಡಿಯಲು ಸರಾಸರಿಯ ವರ್ಗ 169 ತೆಗೆದುಕೊಳ್ಳಬೇಕು. ವೇರಿಯನ್ಸ್, ಅಂದರೆ ಸಂಖ್ಯೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ, 473 ಬರುತ್ತದೆ, ಅದರಿಂದ ಸರಾಸರಿ 13 ಕಳೆದರೆ 460. 169ನ್ನು 460ರಿಂದ ಭಾಗಿಸಿದರೆ 0.37. ಇಲ್ಲಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಒಂದು ತಪ್ಪು ಮಾಡುತ್ತಾರೆ: ಒಂದು ಗ್ರಾಂ ಹಿಕ್ಕೆಗೆ ಎಷ್ಟು ಮೊಟ್ಟೆ ಎಂದು ತಿಳಿಯಲು 50ರಿಂದ ಗುಣಿಸಿ ಬಂದ ಸಂಖ್ಯೆಗೆ (ಎಣಿಸುವ ವಿಧಾನ ಮುಂದಿದೆ) ಈ ಸೂತ್ರ ಹಾಕುತ್ತಾರೆ. ಸ್ಲೈಡಿನಲ್ಲಿ ಎಣಿಸಿದ ಮೂಲ ಸಂಖ್ಯೆಗೇ ಹಾಕಬೇಕು. ಹತ್ತು ಕುರಿಗಳಿಂದ ಬಂದ ಕೆ ಕೂಡ ಒರಟು ಅಂದಾಜು ಮಾತ್ರ.

ಹತ್ತು ಕುರಿಗಳ ಹಿಕ್ಕೆಯನ್ನು ಒಟ್ಟಿಗೆ ಕಲಸಿ ಒಂದೇ ಸ್ಯಾಂಪಲ್ ಎಂದು ಕಳಿಸುವುದರಲ್ಲಿ ಏನು ಕಳೆದುಹೋಗುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. ಮೂರೇ ಕುರಿ ಹಿಡಿದು ನೋಡಿದರೂ ಕಷ್ಟ. ಮೇಲಿನ ಹಿಂಡಿನಲ್ಲಿ ಮೂರನ್ನು ಕಣ್ಣುಮುಚ್ಚಿ ಆರಿಸಿದರೆ ಭಾರಿ ಹುಳುವಿನ ಎರಡೂ ಕುರಿಗಳು ತಪ್ಪಿಹೋಗುವ ಸಂಭವ 120ಕ್ಕೆ 56, ಹತ್ತಿರಹತ್ತಿರ ಅರ್ಧ. 'ಪರೀಕ್ಷೆ ಮಾಡಿಸಿದೆವು, ಏನೂ ಇಲ್ಲ ಅಂದರು, ಆಮೇಲೆ ಎರಡು ಕುರಿ ಸತ್ತವು' ಎಂಬ ದೂರಿಗೆ ಪ್ರಯೋಗಾಲಯದ ಅಜಾಗ್ರತೆಯೇ ಕಾರಣವಾಗಬೇಕಿಲ್ಲ, ಆರಿಸಿದ ಕುರಿಗಳ ಸಂಖ್ಯೆ ಕಡಿಮೆಯಾದರೂ ಹೀಗೇ ಆಗುತ್ತದೆ.

ಆಂಡರ್ಸನ್ ಮತ್ತು ಮೇ 1978ರಲ್ಲಿ ಈ ಹಂಚಿಕೆಯನ್ನು ಆಸರೆ ಪ್ರಾಣಿ ಮತ್ತು ಹುಳುವಿನ ಎರಡು ಸಮೀಕರಣಗಳೊಳಗೆ ಸೇರಿಸಿದರು. ಮೊದಲನೆಯದು: ಪ್ರಾಣಿಗಳ ಸಂಖ್ಯೆ ಹುಟ್ಟಿನಿಂದ ಏರುತ್ತದೆ, ಸಹಜ ಸಾವಿನಿಂದ ಮತ್ತು ಹುಳುವಿನ ಹೊರೆಯಿಂದಾದ ಸಾವಿನಿಂದ ಇಳಿಯುತ್ತದೆ. ಎರಡನೆಯದು: ಹುಳುವಿನ ಸಂಖ್ಯೆ ಹೊಸ ಸೋಂಕಿನಿಂದ ಏರುತ್ತದೆ, ಹುಳುವಿನ ಸಾವಿನಿಂದ ಮತ್ತು ಪ್ರಾಣಿ ಸತ್ತಾಗ ಅದರೊಳಗಿನ ಹುಳುಗಳೂ ಸಾಯುವುದರಿಂದ ಇಳಿಯುತ್ತದೆ. ಈ ಕೊನೆಯ ತುಂಡಿನಲ್ಲಿ ಒಂದು ಗುಣಕ ಬರುತ್ತದೆ, ಕೆ ಗೆ ಒಂದು ಕೂಡಿಸಿ ಕೆಯಿಂದಲೇ ಭಾಗಿಸಿದ್ದು. ಹುಳುಗಳು ಯಾದೃಚ್ಛಿಕವಾಗಿ ಹಂಚಿಹೋಗಿದ್ದರೆ ಅದು ಒಂದು. ನಮ್ಮ ಹತ್ತು ಕುರಿಗಳ ಹಿಂಡಿನಲ್ಲಿ 3.7. ಸಾಯುವ ಕುರಿ ಭಾರಿ ಹುಳುವಿನದೇ ಆದ್ದರಿಂದ ಅದು ತನ್ನ ಪಾಲಿಗಿಂತ ಹೆಚ್ಚು ಹುಳುಗಳನ್ನು ಕೊಂಡೊಯ್ಯುತ್ತದೆ. ಕಾಡುಪ್ರಾಣಿಗಳಲ್ಲಿ ಹುಳು ಮತ್ತು ಪ್ರಾಣಿ ಎರಡೂ ನೆಲೆನಿಂತು ಬಾಳುವುದಕ್ಕೆ ಈ ಗುಂಪುಗಾರಿಕೆಯೇ ಕಾರಣ ಎಂದು ಅವರ ಮಾದರಿ ತೋರಿಸಿತು. ಹುಳು ಯಾದೃಚ್ಛಿಕವಾಗಿ ಹಂಚಿದ್ದರೆ ಎರಡರ ಸಂಖ್ಯೆಯೂ ಏರುತ್ತ ಇಳಿಯುತ್ತ ತೂಗಾಡುತ್ತಿರುತ್ತದೆ, ಒಂದು ನೆಲೆಗೆ ಮರಳುವುದಿಲ್ಲ. ನಮ್ಮ ಹಟ್ಟಿಗೆ ಈ ಮಾದರಿಯನ್ನು ತರುವಾಗ ಮೊದಲ ಸಮೀಕರಣವನ್ನು ಬದಲಾಯಿಸಲೇಬೇಕು. ಇಲ್ಲಿ ಕುರಿಗಳ ಸಂಖ್ಯೆ ನಿರ್ಧರಿಸುವುದು ಹುಳುವಲ್ಲ, ಸಂತೆ. ಭಾರಿ ಹುಳುವಿನ ಕುರಿ ಸಾಯಲು ನಾವು ಬಿಡುವುದಿಲ್ಲ, ಔಷಧ ಕೊಡುತ್ತೇವೆ. ಹಾಗಾದರೆ ಔಷಧವೇ ಆ ಗುಣಕದ ಕೆಲಸ ಮಾಡಬೇಕು, ಭಾರಿ ಹುಳುವಿನ ಕುರಿಯನ್ನೇ ಹುಡುಕಿ ಹೋಗಬೇಕು.

ಎಲ್ಲಕ್ಕೂ ಕುಡಿಸಿದರೆ ಏನಾಗುತ್ತದೆ? ಹಿಂಡಿನ ಹೊಟ್ಟೆಗಳಲ್ಲಿ 10,000 ಹುಳು, ಅವುಗಳಲ್ಲಿ ನೂರಕ್ಕೆ ಒಂದು ಔಷಧಕ್ಕೆ ಬಗ್ಗದವು ಎನ್ನಿ. ಅಂದರೆ 100 ಮೊಂಡು ಹುಳು, 9,900 ಸಾದಾ ಹುಳು. ಔಷಧ ಸಾದಾ ಹುಳುಗಳಲ್ಲಿ ನೂರಕ್ಕೆ 99 ಕೊಲ್ಲುತ್ತದೆ. ಉಳಿಯುವುದು 99 ಸಾದಾ, 100 ಮೊಂಡು. ಒಂದೇ ದಿನದಲ್ಲಿ ಮೊಂಡರ ಪಾಲು ನೂರಕ್ಕೆ ಒಂದರಿಂದ ಐವತ್ತಕ್ಕೆ ಏರಿತು. ಹುಲ್ಲಿನ ಮೇಲೆ 90,000 ಮರಿಹುಳು ಇದ್ದರೆ (ಅವುಗಳಲ್ಲೂ ಮೊಂಡು ನೂರಕ್ಕೆ ಒಂದು) ಅವು ಒಳಬಂದು ಬೆರೆತು ಮೊಂಡರ ಪಾಲು ಮತ್ತೆ 1.1ಕ್ಕೆ ಇಳಿಯುತ್ತದೆ. ಔಷಧ ಮುಟ್ಟದ ಈ ಹುಳುಗಳ ಆಸರೆಯನ್ನೇ ರೆಫ್ಯೂಜಿಯಾ ಎನ್ನುತ್ತಾರೆ. ಬೇಸಿಗೆಯ ಕೊನೆಗೆ ಹುಲ್ಲೇ ಇಲ್ಲ, ಹುಲ್ಲಿನಲ್ಲಿ ಮರಿಹುಳುವೂ ಇಲ್ಲ. ಆಗ ಹಿಂಡಿಗೆಲ್ಲ ಕುಡಿಸಿದರೆ ಮುಂದಿನ ಮಳೆಗಾಲದ ಹುಳುಗಳೆಲ್ಲ ಆ 199ರ ಸಂತಾನ. ಔಷಧ ಕುಡಿಸಿ ಆ ದಿನವೇ ಹುಳುವಿಲ್ಲದ ಹೊಸ ಹೊಲಕ್ಕೆ ಹೊಡೆಯುವುದೂ ಇದಕ್ಕೇ ಸಮ.

ಈಗ ಹತ್ತರಲ್ಲಿ ಆ ಎರಡೇ ಕುರಿಗಳಿಗೆ ಕುಡಿಸಿ. ಅವುಗಳಲ್ಲಿರುವುದು ನೂರಕ್ಕೆ 80 ಪಾಲು, ಅಂದರೆ 8,000 ಹುಳು, ಉಳಿಯುವುದು 79 ಸಾದಾ, 80 ಮೊಂಡು. ಮುಟ್ಟದ ಎಂಟು ಕುರಿಗಳಲ್ಲಿ 1,980 ಸಾದಾ, 20 ಮೊಂಡು. ಒಟ್ಟು 2,159 ಹುಳು, ಮೊಂಡರ ಪಾಲು ನೂರಕ್ಕೆ 4.6. ಎರಡು ಕುರಿಯ ಔಷಧದಿಂದ ಹಿಂಡಿನ ಹುಳು ನೂರಕ್ಕೆ 78 ಇಳಿಯಿತು, ಹತ್ತಕ್ಕೂ ಕುಡಿಸಿದ್ದರೆ 98 ಇಳಿಯುತ್ತಿತ್ತು. ಆ ಇಪ್ಪತ್ತು ಪಾಲಿಗಾಗಿ ನಾವು 4.6ರ ಬದಲು ಐವತ್ತನ್ನು ಕೊಂಡುಕೊಳ್ಳುತ್ತಿದ್ದೇವೆ.

ಆ ಎರಡು ಯಾವುವು ಎಂದು ಗುರುತಿಸುವುದು ಹೇಗೆ? ದಕ್ಷಿಣ ಆಫ್ರಿಕಾದ ಪಶುವೈದ್ಯರು ಫಮಾಚಾ ಎಂಬ ಬಣ್ಣದ ಕಾರ್ಡು ಮಾಡಿದ್ದಾರೆ. ಕುರಿಯ ಕೆಳರೆಪ್ಪೆಯ ಒಳಪದರವನ್ನು ಅದರ ಐದು ಬಣ್ಣಗಳಿಗೆ ಹೋಲಿಸಬೇಕು. ಒಂದು ಕಡುಗೆಂಪು, ಐದು ಬಿಳಿಚು. ಬಿಸಿಲಿನ ಬೆಳಕಿನಲ್ಲಿ, ಮೇಲ್ರೆಪ್ಪೆಯನ್ನು ಕಣ್ಣಿನ ಮೇಲೆ ಮೃದುವಾಗಿ ಒತ್ತಿ ಕೆಳರೆಪ್ಪೆ ಜಗ್ಗಿ, ಕೂಡಲೇ ನೋಡಿ ಬಿಡಬೇಕು. ಹೆಚ್ಚು ಹೊತ್ತು ಹಿಡಿದರೆ ಪದರ ಕೆಂಪೇರುತ್ತದೆ. ಕಾರ್ಡು ಇಲ್ಲದೆ ನೆನಪಿನ ಮೇಲೆ ಬಣ್ಣ ಹೇಳಬಾರದು. ನಾಲ್ಕು, ಐದು ಬಂದ ಕುರಿಗೆ ಔಷಧ. ಮರಿ, ಗಬ್ಬದ ಕುರಿ, ಹಾಲೂಡುವ ಕುರಿಯಾದರೆ ಮೂರಕ್ಕೂ ಕೊಡಬೇಕು. ಗದ್ದ ಬಾತ ಕುರಿಗೆ ಬಣ್ಣ ಏನೇ ಇರಲಿ ಕೊಡಬೇಕು. ಹಿಂಡಿನ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಕುರಿ ನಾಲ್ಕು-ಐದರಲ್ಲಿದ್ದರೆ ಮೂರರವಕ್ಕೆಲ್ಲ ಕೊಟ್ಟು, ವಾರಕ್ಕೊಮ್ಮೆ ನೋಡಬೇಕು. ಉಳಿದಂತೆ ಮಳೆ ಬದಲಾದಾಗಲೊಮ್ಮೆ ಕಣ್ಣು ನೋಡುವ ಪದ್ಧತಿ ಇಟ್ಟುಕೊಂಡರೆ ಹದಿನಾಲ್ಕು ದಿನದ ಅಂತರ ತಾನಾಗಿ ಬರುತ್ತದೆ. ಹಾನಗಲ್ ಕಡೆಯ ಕೆರೆ-ಗದ್ದೆ ಸೀಮೆಯಲ್ಲಿ ಒಂದು ಎಚ್ಚರ: ಯಕೃತ್ತಿನ ಚಪ್ಪಟೆ ಹುಳುವಿನಿಂದಲೂ, ಉಣ್ಣಿ ಕಡಿತದಿಂದ ಬರುವ ರಕ್ತರೋಗದಿಂದಲೂ ಕಣ್ಣು ಬಿಳಿಚುತ್ತದೆ. ಔಷಧಕ್ಕೆ ಬಣ್ಣ ಮರಳದಿದ್ದರೆ ವೈದ್ಯರಿಗೆ ತೋರಿಸಲೇಬೇಕು.

ಕೊಡುವ ಕುರಿಗೆ ಪೂರ್ತಿ ಅಳತೆ ಕೊಡಬೇಕು. ಅಲ್ಬೆಂಡಜೋಲ್ 2.5 ಪ್ರತಿಶತದ ದ್ರಾವಣದಲ್ಲಿ ಮಿಲಿಗೆ 25 ಮಿಲಿಗ್ರಾಂ ಇರುತ್ತದೆ. ಕೆಜಿಗೆ 5 ಮಿಲಿಗ್ರಾಂ ಲೆಕ್ಕ ಹಿಡಿದರೆ 30 ಕೆಜಿ ಕುರಿಗೆ 6 ಮಿಲಿ, 40 ಕೆಜಿ ಟಗರಿಗೆ 8 ಮಿಲಿ. ಎಲ್ಲಕ್ಕೂ ಆರಾರು ಮಿಲಿ ಎಂದು ಹೊರಟರೆ ಟಗರಿಗೆ ಕಾಲು ಪಾಲು ಕಡಿಮೆ ಬೀಳುತ್ತದೆ. ಇದರ ಪರಿಣಾಮ ಕಾಲು ಪಾಲಿನದಲ್ಲ. ಮೊಂಡುತನದ ಜೀನು ತಂದೆ-ತಾಯಿ ಎರಡೂ ಕಡೆಯಿಂದ ಬಂದ ಹುಳು ಪೂರ್ತಿ ಅಳತೆಗೂ ಸಾಯದು, ಒಂದೇ ಕಡೆಯಿಂದ ಬಂದದ್ದು ಪೂರ್ತಿ ಅಳತೆಗೆ ಸಾಯುತ್ತದೆ, ಕಡಿಮೆ ಅಳತೆಗೆ ಬದುಕಿಕೊಳ್ಳಬಹುದು. ಜೀನಿನ ಪ್ರಮಾಣ ನೂರಕ್ಕೆ ಒಂದಿದ್ದಾಗ ಮೊದಲ ಬಗೆಯ ಹುಳು ಹತ್ತು ಸಾವಿರಕ್ಕೆ ಒಂದು, ಎರಡನೆಯದು 198. ಎರಡು ಮಿಲಿ ಉಳಿಸಲು ಹೋಗಿ ಉಳಿಯುವ ಹುಳುವಿನ ಸಂಖ್ಯೆಯನ್ನು ಒಂದರಿಂದ 199ಕ್ಕೆ ಏರಿಸಿದಂತಾಗುತ್ತದೆ. ಕುರಿ ಹಿಂಡಿನಲ್ಲಿರುವ ನಾಲ್ಕಾರು ಆಡುಗಳದೂ ಇದೇ ಕಥೆ. ಆಡಿನ ಮೈ ಈ ಔಷಧವನ್ನು ಬೇಗ ಕರಗಿಸಿ ಹೊರಹಾಕುತ್ತದೆ, ಕುರಿಯ ಅಳತೆ ಅದಕ್ಕೆ ಸಾಲದು. ಆಡಿನ ಅಳತೆಯನ್ನು ವೈದ್ಯರಿಂದ ಬೇರೆಯಾಗಿಯೇ ಬರೆಸಿಕೊಳ್ಳಬೇಕು. ಲೆವಮಿಸೋಲ್‌ನಂಥ ಔಷಧದಲ್ಲಿ ಹೆಚ್ಚಿಸಿದರೂ ವಿಷವಾಗುತ್ತದೆ. ಗಬ್ಬ ನಿಂತ ಮೊದಲ ತಿಂಗಳಲ್ಲಿ ಅಲ್ಬೆಂಡಜೋಲ್ ಬೇಡ. ಔಷಧವನ್ನು ನಾಲಗೆಯ ಬುಡದಾಚೆಗೆ ಬಿಡಬೇಕು, ಬಾಯಿಯ ಮುಂಭಾಗಕ್ಕೆ ಸುರಿದರೆ ಅದು ಮೊದಲ ಹೊಟ್ಟೆಯನ್ನು ತಪ್ಪಿಸಿ ಮುಂದಕ್ಕೆ ಹರಿದು ಬೇಗ ಹೊರಟುಹೋಗಬಹುದು. ಅಲ್ಬೆಂಡಜೋಲ್ ಬಿಟ್ಟು ಫೆನ್‌ಬೆಂಡಜೋಲ್ ತಂದರೆ ಬದಲಾಗುವುದು ಡಬ್ಬಿ ಮಾತ್ರ. ಎರಡೂ ಒಂದೇ ಕುಲ, ಒಂದಕ್ಕೆ ಬಗ್ಗದ ಹುಳು ಇನ್ನೊಂದಕ್ಕೂ ಬಗ್ಗದು.

ಔಷಧ ಕೆಲಸ ಮಾಡುತ್ತಿದೆಯೇ ಎಂದು ನೋಡುವುದು ದೊಡ್ಡ ವಿದ್ಯೆಯಲ್ಲ. ಕುರಿಯ ಗುದದಿಂದಲೇ ತೆಗೆದ 4 ಗ್ರಾಂ ಹಿಕ್ಕೆಯನ್ನು 56 ಮಿಲಿ ತಣಿದ ಉಪ್ಪುನೀರಿನಲ್ಲಿ ಅರೆದು, ಚಹಾ ಸೋಸುವ ಜಾಲರಿಯಲ್ಲಿ ಸೋಸಿ, ಮೊಟ್ಟೆ ಎಣಿಸಲೆಂದೇ ಗೆರೆ ಹಾಕಿದ ಮ್ಯಾಕ್‌ಮಾಸ್ಟರ್ ಸ್ಲೈಡಿನ ಎರಡು ಕೋಣೆಗಳಿಗೆ ತುಂಬಿ, ಐದು ನಿಮಿಷ ಬಿಟ್ಟರೆ ಮೊಟ್ಟೆ ತೇಲಿ ಮೇಲೆ ಬರುತ್ತದೆ. ಎರಡೂ ಕೋಣೆಯ ಗೆರೆಗಳೊಳಗೆ ಎಣಿಸಿ 50ರಿಂದ ಗುಣಿಸಿದರೆ ಗ್ರಾಂಗೆ ಎಷ್ಟು ಎಂಬುದು ಸಿಗುತ್ತದೆ. ಉಪ್ಪುನೀರಿಗೆ ಲೀಟರಿಗೆ 400 ಗ್ರಾಂ ಉಪ್ಪು ಹಾಕಿ ಕಾಸಬೇಕು. ಆರಿದ ಮೇಲೆ ತಳದಲ್ಲಿ ಸ್ವಲ್ಪ ಉಪ್ಪು ಉಳಿದಿದ್ದರೆ ಹದ ಬಂದಿದೆ ಎಂದರ್ಥ. ತೆಳುವಾದರೆ ಮೊಟ್ಟೆ ತೇಲುವುದಿಲ್ಲ, ಇಲ್ಲವೆಂದೇ ತಪ್ಪು ಫಲಿತಾಂಶ ಬರುತ್ತದೆ. ನೆಲಕ್ಕೆ ಬಿದ್ದ ಹಿಕ್ಕೆ ಆಯುವುದು, ಬಿಸಿಲಲ್ಲಿ ಬೈಕಿನ ಡಬ್ಬಿಯಲ್ಲಿ ಇಡೀ ದಿನ ಇಡುವುದು ಎರಡೂ ತಪ್ಪು. ಬಿಸಿಗೆ ಒಂದು ದಿನದೊಳಗೆ ಮೊಟ್ಟೆ ಒಡೆದು ಮರಿಯಾಗಿ ಲೆಕ್ಕ ತಪ್ಪುತ್ತದೆ. ಗಾಳಿ ತೆಗೆದು ಬಿಗಿಕಟ್ಟಿದ ಚೀಲದಲ್ಲಿ, ಮಂಜುಗಡ್ಡೆಯ ಡಬ್ಬಿಯಲ್ಲಿ ತರಬೇಕು, ಹೆಪ್ಪುಗಟ್ಟಿಸಬಾರದು. ಔಷಧದ ದಿನ ಹತ್ತು-ಹದಿನೈದು ಕುರಿಗಳಲ್ಲಿ ಎಣಿಸಿ, ಹದಿನಾಲ್ಕನೆಯ ದಿನ ಅದೇ ಕುರಿಗಳಲ್ಲಿ ಮತ್ತೆ ಎಣಿಸಬೇಕು. ಸರಾಸರಿ ನೂರಕ್ಕೆ 95ಕ್ಕಿಂತ ಕಡಿಮೆ ಇಳಿದಿದ್ದರೆ ಮೊಂಡುತನದ ಶಂಕೆ. 650 ಇದ್ದದ್ದು 130ಕ್ಕೆ ಬಂದರೆ ಇಳಿತ 80, ಆ ಔಷಧ ಆ ಹಟ್ಟಿಯಲ್ಲಿ ಸೋತಿದೆ. ಇಲ್ಲೂ ಗುಂಪುಗಾರಿಕೆ ಮರೆಯಬಾರದು: ಭಾರಿ ಹುಳುವಿನ ಒಂದು ಕುರಿ ಔಷಧ ಉಗುಳಿದ್ದರೆ ಅದೊಂದೇ ಇಡೀ ಸರಾಸರಿಯನ್ನು ಕೆಡಿಸುತ್ತದೆ. ಆದ್ದರಿಂದ ಕುರಿವಾರು ಸಂಖ್ಯೆ ನೋಡದೆ ತೀರ್ಮಾನಕ್ಕೆ ಬರಬಾರದು.

ಗದಗಿನಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯ, ಕರ್ನಾಟಕ ವಿಶ್ವವಿದ್ಯಾಲಯದ ಗಣಿತ ಮತ್ತು ಸಂಖ್ಯಾಶಾಸ್ತ್ರ ವಿಭಾಗಗಳು, ಐಐಟಿ ಇವೆ. ಅಲ್ಲಿ ಸಮೀಕರಣ ಬಿಡಿಸುವ ಮಕ್ಕಳಿದ್ದಾರೆ, ಇಲ್ಲಿ ಹಿಕ್ಕೆ ಎಣಿಸುವ ಮಕ್ಕಳಿದ್ದಾರೆ. ನಮ್ಮ ಕೋರಿಕೆ ಇಷ್ಟೇ: ತಾಲ್ಲೂಕಿಗೆ ಹತ್ತು ಹಿಂಡು, ಹಿಂಡಿಗೆ ಹದಿನೈದು ಕುರಿ ಎಂದು ಮಿರಗಕ್ಕೆ ಮೊದಲೊಮ್ಮೆ, ಹುಬ್ಬಿ ಮಳೆಯಲ್ಲೊಮ್ಮೆ ಎಣಿಸಬೇಕು. ಸರಾಸರಿಯನ್ನಲ್ಲ, ಹದಿನೈದೂ ಸಂಖ್ಯೆಗಳನ್ನು ಬರೆದಿಟ್ಟು, ಕುರಿಗಾರರಿಗೂ ಗಣಿತದವರಿಗೂ ಒಟ್ಟಿಗೆ ಕೊಡಬೇಕು. ಒಂದು ಸುತ್ತಿಗೆ 150 ಸ್ಲೈಡು, ಸ್ಲೈಡಿಗೆ ಹತ್ತು ನಿಮಿಷ ಎಂದರೆ 25 ತಾಸು. ಒಬ್ಬ ಪ್ರಯೋಗಾಲಯ ಸಹಾಯಕರ ನಾಲ್ಕು ದಿನದ ಕೆಲಸ.

— ಗಣಿತ ಮತ್ತು ಪರೋಪಜೀವಿಶಾಸ್ತ್ರ ಕಲಿಸುವ ಇಬ್ಬರು, ಧಾರವಾಡ